ತಿಕ್ಕದೆ ಬಿಟ್ಟ ಬಾಯ್ಲರು

ಕಾಕಿಯ ಬಲಗೈ ಮೇಲೆ ಒಂದೇ ಒಂದು ಕೂದಲು ಇರಲಿಲ್ಲ. ಎಡಗೈ ಎಲ್ಲರ ಕೈಯ ಹಾಗೆಯೇ ಇತ್ತು. ಬಲಗೈ ಮಾತ್ರ ಮೊಣಕೈವರೆಗೆ ನುಣ್ಣಗೆ, ಒಂಚೂರು ಕೆಂಪಗೆ. ದಿನಾ ಬೆಳಗಾದರೆ ಬಾಯ್ಲರಿನ ಒಲೆಬಾಯಿಗೆ ತೆಂಗಿನ ಸಿಪ್ಪೆ, ಗರಟೆ ತುರುಕುವಾಗ ಸುಟ್ಟುಹೋದ ಕೂದಲು ಮತ್ತೆ ಹುಟ್ಟುವ ಗೋಜಿಗೇ ಹೋಗಿರಲಿಲ್ಲ. ನಾನು ಒಮ್ಮೆ ಅದನ್ನೇ ದಿಟ್ಟಿಸುತ್ತಿದ್ದಾಗ ಕೈ ಮುಂದೆ ಚಾಚಿದಳು. "ಎಂತ ನೋಡ್ತಿ ತಂಗಿ? ಬೇಕಾದ್ರೆ ಮುಟ್ಟಿ ನೋಡು. ಪೌಡರ್ ಹಚ್ಚೂದೇ ಬೇಡ ನಂಗೆ."

ಅವಳು ನಮ್ಮ ಪಕ್ಕದ ಮನೆಯವಳು. ಕಾರವಾರದ ಹತ್ತಿರ ಚೆಂಡಿಯಾ ಕಡೆಯ ನೆಲ ನೌಕಾನೆಲೆಗೆ ಹೋದಾಗ ಅಲ್ಲಿಂದೆದ್ದು ಅಂಕೋಲಾ ರಸ್ತೆಯ ಈ ಕಾಲನಿಗೆ ಬಂದವರಲ್ಲಿ ಅವಳ ಮನೆ, ನನ್ನ ಗಂಡನ ಮನೆ ಎರಡೂ ಇದ್ದವು. ರಕ್ತಸಂಬಂಧ ಏನೂ ಇಲ್ಲ. ಆದರೆ ಕಾಲನಿಗೆಲ್ಲ ಅವಳು ಕಾಕಿ.

ಕೂತು ಚಹಾ ಕುಡಿದದ್ದನ್ನು ನಾನು ನೋಡಲೇ ಇಲ್ಲ. ಬಾಗಿಲಿಗೆ ಒರಗಿ ನಿಂತು ಬಸಿಯಲ್ಲಿ ಸುರಿದು ಕುಡಿಯುವಳು. ಮಾತು ರಂಗೇರುವ ಹೊತ್ತಿಗೆ ಸರಿಯಾಗಿ "ನೀರು ಕಾದಿದೆ, ಬತ್ತೆ" ಎಂದು ಹೊರಟೇಬಿಡುವಳು. ಮಧ್ಯಾಹ್ನ ಯಾವ ನೀರು ಕಾಯುತ್ತದೆ ಮಾರಾಯ್ತಿ ಎಂದು ಕೇಳುವಷ್ಟರಲ್ಲಿ ಅಂಗಳ ದಾಟಿರುವಳು. ಅವಳ ಕಾಲಿಗೆ ಚಕ್ರವಿದೆ ಎಂದು ನಾನೇ ರೇಗಿಸುತ್ತಿದ್ದೆ, ನನ್ನದೂ ನಿಂತಲ್ಲಿ ನಿಲ್ಲದ ಜಾತಿಯೇ ಆಗಿದ್ದರೂ.

ಅವಳು ಕೂರುವುದನ್ನು ನೋಡಬೇಕೆಂದರೆ ಒಂದು ಕೂಸು ಬೇಕಿತ್ತು. ಕಾಲನಿಯಲ್ಲಿ ಯಾರೇ ಹಡೆದರೂ ಬಾಣಂತಿ ಮತ್ತು ಕೂಸಿನ ಮೀಯುವಿಕೆ ಕಾಕಿಯ ಬಚ್ಚಲಲ್ಲೇ. ಗೋಡೆಗಂಟಿದ ಮಣೆಯ ಮೇಲೆ ಕೂತು, ಎರಡೂ ಕಾಲು ಚಾಚಿ, ಕೂಸನ್ನು ಅದರ ಮೇಲೆ ಬೋರಲು ಮಲಗಿಸಿ, ಎಣ್ಣೆ ತಿಕ್ಕಿ, ಮೊಣಕೈ ಅದ್ದಿ ನೀರಿನ ಹದ ನೋಡಿ ಹೊಯ್ಯುವಳು. ಆ ಹೊತ್ತು ಪ್ರಪಂಚ ಮುಳುಗಿದರೂ ಎದ್ದವಳಲ್ಲ. ನನ್ನ ಮಗಳನ್ನು ಮೀಯಿಸಿದ್ದೂ ಅವಳೇ. ಎಲ್ಲರ ಮನೆಗೂ ಗೀಸರ್ ಬಂದ ಮೇಲೂ ಕೂಸುಗಳು ಅವಳಲ್ಲಿಗೇ ಹೋಗುತ್ತಿದ್ದುದು ಆ ಬಾಯ್ಲರಿನಿಂದಾಗಿ. ಎಷ್ಟು ತೋಡಿದರೂ ಮುಗಿಯದ ಬಿಸಿನೀರು, ಬೆಚ್ಚಗಿನ ಬಚ್ಚಲು, ಸಣ್ಣ ಹೊಗೆ ವಾಸನೆ.

ಬಾಯ್ಲರು ತಾಮ್ರದ್ದು, ಅವಳ ಹಳೆಯ ಮನೆಯಿಂದ ಬಂದದ್ದು. ಟೆಂಪೋದ ಹಿಂದೆ ಅದನ್ನು ತಬ್ಬಿಕೊಂಡು ನಿಂತೇ ಬಂದಳಂತೆ. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ನಾವೆಲ್ಲ ವರ್ಷಕ್ಕೊಮ್ಮೆ ಹಂಡೆ ತಿಕ್ಕುತ್ತೇವೆ. ಕಾಕಿಗೆ ವರ್ಷಕ್ಕೊಮ್ಮೆ ಸಾಲುತ್ತಿರಲಿಲ್ಲ. ಹುಣಸೆಹಣ್ಣು, ಸಮುದ್ರದ ಮರಳು ಹಿಡಿದು ವಾರ ವಾರ ತಿಕ್ಕುವಳು. ಯಾವ ಮನೆಯಲ್ಲಿ ಕೂಸು ಹುಟ್ಟಿದೆ ಎಂದು ಗೊತ್ತಾದರೂ ಮೊದಲು ಹೋಗಿ ಬಾಯ್ಲರು ತಿಕ್ಕುವಳು. ಅದರಲ್ಲಿ ಹಣೆಬೊಟ್ಟು ನೋಡಿ ಸರಿಮಾಡಿಕೊಳ್ಳಬಹುದಿತ್ತು.

ನನ್ನ ಮಗಳು ಹೆರಿಗೆಗೆ ಬಂದು ನಮ್ಮಲ್ಲಿದ್ದಳು. ದೀಪಾವಳಿ ಹತ್ತಿರ ಬಂದಿತ್ತು. ಒಂದು ಬೆಳಗ್ಗೆ ಕಾಕಿಯ ಒಲೆಯಿಂದ ಚುಂಯ್ ಎಂಬ ಸದ್ದು. ಬಾಯ್ಲರಿನ ತಳದಿಂದ ಕೆಂಡದ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಮರುದಿನ ಇನ್ನೂ ಜಾಸ್ತಿ.

ಮಗಳಿಗೆ ಯಾವಾಗ ನೋವು ಬರುತ್ತದೋ ಗೊತ್ತಿಲ್ಲ. "ಕಾಕಿ, ಇದರ ಕಥೆ ಮುಗಿಯಿತು, ಗೀಸರ್ ಹಾಕಿಸು" ಎಂದೆ. ಗೋವಾದಲ್ಲಿರುವ ಅವಳ ಮಗಳೂ ಫೋನಿನಲ್ಲಿ ಅದನ್ನೇ ಹೇಳಿದಳು. ಕಾಕಿ ಅಂಗಳದಲ್ಲಿ ಅತ್ತಿಂದಿತ್ತ ತಿರುಗಿದಳು. ಬೆಳಿಗ್ಗೆ "ಹಾಕಿಸೂದೇ ಸೈ" ಅನ್ನುವಳು. ಸಂಜೆಗೆ "ಸರಿ ಮಾಡಿಸೂದೇ ಬೆಸ್ಟ್" ಅನ್ನುವಳು. ನಾನು ಸಿಟ್ಟಿಗೆದ್ದು ಏನಾದರೂ ಒಂದು ಹೇಳು ಎಂದಾಗ ನಿಂತುಬಿಟ್ಟಳು.

"ಗೀಸರ್ ನಿಮ್ಮನೇಲೂ ಇದೆ, ಎಲ್ಲರ ಮನೇಲೂ ಇದೆ. ನನ್ನ ಮನೇಲೂ ಅದೇ ಬಂದ್ರೆ ಕೂಸು ಹಿಡ್ಕಂಡು ನನ್ನ ಬಾಗಿಲಿಗೆ ಯಾರು ಬತ್ರು ಹೇಳು?"

ಅವಳ ಹೆದರಿಕೆ ಇಷ್ಟು ದೊಡ್ಡದೆಂದು ನನಗೆ ಹೊಳೆದಿರಲಿಲ್ಲ.

ಇಬ್ಬರೂ ಸೇರಿ ಬಾಯ್ಲರನ್ನು ಟೆಂಪೋಕ್ಕೆ ಹೇರಿಸಿಕೊಂಡು ಕಾರವಾರಕ್ಕೆ ಹೋದೆವು. ಕೋಡಿಬಾಗದಲ್ಲಿ ತಾಮ್ರದ ಪಾತ್ರೆಗೆ ಬೆಸುಗೆ ಹಾಕುವವನೊಬ್ಬನಿದ್ದ. ಮಹಾ ಸೋಮಾರಿ, ಬಾಯಿತುಂಬ ಎಲೆಅಡಿಕೆ. ಬಾಯ್ಲರನ್ನು ಮಗುಚಿ ತಳವನ್ನು ಹೆಬ್ಬೆರಳಲ್ಲಿ ಒತ್ತಿದ. ತಗಡು ಒಳಗೆ ಬಗ್ಗಿತು.

"ಇದನ್ನ ಈ ನಮೂನೆ ತಿಕ್ಕಿದ್ದು ಯಾರು?"

"ನಾನೇ ಮತ್ತೆ! ಮತ್ಯಾರು ತಿಕ್ತ್ರು?" ಕಾಕಿ ಹೆಮ್ಮೆಯಿಂದ ಸೆರಗು ಸರಿಮಾಡಿಕೊಂಡಳು.

"ಹಂಗಾದ್ರೆ ಹಾಳು ಮಾಡಿದ್ದೂ ನೀವೇ. ಮರಳು ಹಾಕಿ ತಿಕ್ಕಿ ತಿಕ್ಕಿ ತಗಡೇ ಸವೆದೋಗಿದೆ. ನಾ ಒಂದ್ಕಡೆ ಮುಚ್ಚಿದ್ರೆ ಇನ್ನೊಂದ್ಕಡೆ ಬಾಯಿ ಬಿಡ್ತದೆ. ಹೊಸದು ತಕಳಿ."

ಕಾಕಿಯ ಮುಖ ಇಷ್ಟೇ ಇಷ್ಟಾಯಿತು. ಅಂಗಡಿಯ ಮುಂದೆ ರಸ್ತೆಯ ಆ ತುದಿಯಿಂದ ಈ ತುದಿಗೆ ನಡೆದಳು, ಮತ್ತೆ ನಡೆದಳು. ನನಗೆ ಅವನ ಮೇಲೆ ಕೆಟ್ಟ ಸಿಟ್ಟು ಬಂತು. ಹೇಳುವುದನ್ನೇ ಸ್ವಲ್ಪ ನಿಧಾನಕ್ಕೆ ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಕೊನೆಗೆ ಅವಳೇ ಬಂದು ಅವನ ಮುಂದೆ ನಿಂತಳು.

"ಒಂದು ಬೆಸುಗೆ ಹಾಕಿದ್ರೆ ಇವಳ ಮಗಳ ಬಾಣಂತನ ಮುಗಿಯೂವರೆಗೆ ನಿಲ್ತದಾ?"

"ತಿಕ್ಕದೆ ಇದ್ರೆ ನಿಲ್ಲಬಹುದು. ನನ್ನ ಜವಾಬ್ದಾರಿ ಇಲ್ಲ."

"ತಿಕ್ಕೂದಿಲ್ಲ" ಎಂದಳು ಕಾಕಿ.

ಅಷ್ಟು ಹೇಳಲು ಅವಳಿಗೆ ಎಷ್ಟು ಕಷ್ಟವಾಯಿತು ಎಂಬುದು ನನಗೆ ತಿಳಿದದ್ದು ನೀರು ತುಂಬುವ ಹಬ್ಬದ ಸಂಜೆ. ಕಾಲನಿಯ ಹಂಡೆಗಳೆಲ್ಲ ಫಳಫಳ ಹೊಳೆಯುತ್ತಿದ್ದವು. ಕಾಕಿಯ ಬಾಯ್ಲರು ಮಾತ್ರ ಮಸಿ ಹಿಡಿದು ಕಪ್ಪಗೆ ಕೂತಿತ್ತು. ಅದಕ್ಕೇ ಹಬ್ಬದ ಹಿಂಡಲಕಾಯಿ ಬಳ್ಳಿ ಸುತ್ತಿ, ಅರಿಶಿನ ಕುಂಕುಮ ಇಟ್ಟು ನೀರು ತುಂಬಿದಳು. ನೋಡಲು ಬಂದ ಹೆಂಗಸೊಬ್ಬಳು "ಅಗಾ ಕಾಕಿ, ಈ ವರ್ಷ ಕೈ ನೋವನಾ?" ಎಂದಳು. ಕಾಕಿ ಎರಡೂ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡು ನಿಂತಿದ್ದಳು. ಆ ಕೈಗಳು ಸೆರಗಿನೊಳಗೇ ಒಂದನ್ನೊಂದು ಉಜ್ಜಿಕೊಳ್ಳುತ್ತಿದ್ದವು.

ಹಬ್ಬ ಮುಗಿದ ವಾರದಲ್ಲೇ ಮಗಳು ಹಡೆದಳು, ಹೆಣ್ಣು ಕೂಸು. ಕಾಕಿ ಮಣೆಯ ಮೇಲೆ ಕೂತಳು. ನಾನು ಬಚ್ಚಲ ಬಾಗಿಲಲ್ಲಿ ನಿಂತು ಒಲೆಯ ಕಡೆ ಕಿವಿಗೊಟ್ಟಿದ್ದೆ, ಚುಂಯ್ ಎಂದೀತೇ ಎಂದು. "ನೀ ಹಾಂಗೆ ನಿಂತ್ರೆ ಕೂಸಿಗೂ ಪುಕುಪುಕು ಆಗ್ತದೆ, ಹೋಗಾ ಅತ್ಲಾಗೆ" ಎಂದು ಬೈದಳು. ಬಾಣಂತನದುದ್ದಕ್ಕೂ ಬೆಸುಗೆ ನಿಂತಿತು. ಮಗಳು ಕೂಸನ್ನೆತ್ತಿಕೊಂಡು ಗಂಡನ ಮನೆಗೆ ಹೊರಟ ಮೇಲೆ ಮತ್ತೆ ಸೋರತೊಡಗಿತು. ಈ ಸಲ ಕಾಕಿ ಅತ್ತಿತ್ತ ತಿರುಗಲಿಲ್ಲ.

"ನಿನ್ನ ಹಿತ್ತಲ ಮಾಡಿನ ಕೆಳಗೆ ಇಟ್ಕ. ನನ್ನ ಕಣ್ಣೆದುರು ಇದ್ರೆ ಕೈ ತಡಿಯೂದಿಲ್ಲ" ಎಂದಳು.

ಅವಳ ಮಗಳು ಬಂದು ಗೀಸರ್ ಹಾಕಿಸಿದಳು. ಬೆಳಿಗ್ಗೆ ನಾನು ಹಾಲು ತರಲು ಹೋಗುವಾಗ ಕಾಕಿ ಬಚ್ಚಲಲ್ಲಿ ಅದರ ಕೆಂಪು ದೀಪ ನೋಡುತ್ತ ನಿಂತಿರುವಳು. ದೀಪ ಆರಿದರೂ ಹೊರಗೆ ಬರುವವಳಲ್ಲ. "ಇದಕ್ಕೆ ನಾ ಬೇಕಾಗೂದೇ ಇಲ್ಲ ಅಲ್ದಾ ತಂಗಿ" ಎಂದಳು ಒಂದು ದಿನ. ಸುಮ್ಮನೆ ಏನೋ ನಗೆಚಟಾಕಿ ಹಾರಿಸಿದೆ. ಅವತ್ತಿಡೀ ನನಗೆ ಮನಸ್ಸು ನೆಟ್ಟಗಿರಲಿಲ್ಲ.

ಮಳೆಗಾಲದಲ್ಲಿ ಜ್ವರವೆಂದು ಮಲಗಿದಳು. ಕಾಕಿ ಮಲಗಿದ್ದಾಳೆ ಎಂದು ಕೇಳಿಯೇ ನಾನು ಹೆದರಿದೆ. ಅವಳು ಮತ್ತೆ ಏಳಲಿಲ್ಲ.

ಗಾಳಿಮಳೆಗೆ ಕಾಲನಿಯಲ್ಲಿ ಕರೆಂಟಿರಲಿಲ್ಲ. ಕಡೆಯ ಸ್ನಾನಕ್ಕೆ ನೀರು ಬೇಕಿತ್ತು. ಗ್ಯಾಸಿನ ಮೇಲೆ ಎರಡು ಪಾತ್ರೆ ಇಡೋಣ ಎಂದರು ಹೆಂಗಸರು. ನನಗೆ ಮೈಯೆಲ್ಲ ಉರಿಯಿತು. ಊರಿಗೆಲ್ಲ ನೀರು ಕಾಯಿಸಿದವಳಿಗೆ ಪಾತ್ರೆಯಲ್ಲಿ ಅಳೆದು ನೀರೇ? ಹಿತ್ತಲಿಗೆ ಓಡಿ, ಮಾಡಿನ ಕೆಳಗಿದ್ದ ಬಾಯ್ಲರಿಗೆ ನೀರು ತುಂಬಿ ಒಲೆ ಹೊತ್ತಿಸಿದೆ. ಅದು ಸೋರಿ ಬೆಂಕಿ ಆರಿಸುವುದು, ನಾನು ಸಿಪ್ಪೆ ತುರುಕಿ ಮತ್ತೆ ಹೊತ್ತಿಸುವುದು. ಮೇಲಿಂದ ನೀರು ಹೊಯ್ಯುತ್ತಲೇ ಇದ್ದೆ. ಕಣ್ಣಿಂದ ನೀರು ಸುರಿಯುತ್ತಿತ್ತು, ಹೊಗೆಯೆಂದು ಯಾರಾದರೂ ತಿಳಿದುಕೊಂಡರೆ ತಿಳಿದುಕೊಳ್ಳಲಿ. ಮಾಡಿನ ಅಂಚಿನಿಂದ ಕಾಕಿಯ ಮಗಳು ಕೂಗಿದಳು, "ಆಯ್ತನಾ ಅಕ್ಕಾ?"

"ನೀರು ಕಾದಿದೆ, ಬಂದೆ" ಎಂದೆ.

ಮೊಣಕೈ ಅದ್ದಿ ಹದ ನೋಡಿ, ನಾನೇ ಹೊಯ್ದೆ.

ಮನೆಗೆ ಬಂದು ಕೈತೊಳೆಯುವಾಗ ನೋಡುತ್ತೇನೆ, ಬಲಗೈಯ ಕೂದಲೆಲ್ಲ ಸುಟ್ಟು ಕೈ ನುಣ್ಣಗಾಗಿತ್ತು. ಬಾಯ್ಲರು ಇವತ್ತಿಗೂ ನಮ್ಮ ಹಿತ್ತಲಲ್ಲಿದೆ. ಬೆಸುಗೆ ಹಾಕಿಸಿಲ್ಲ, ಗುಜರಿಗೂ ಹಾಕಿಲ್ಲ, ತಿಕ್ಕಿಯಂತೂ ಇಲ್ಲ. ಬೆಳಗಿನ ಜಾವ ಎಚ್ಚರವಾದರೆ ಸುಮ್ಮನೆ ಮಲಗಿರಲಾಗದೆ ಎದ್ದು ಹೋಗಿ ಅದನ್ನೊಮ್ಮೆ ಮುಟ್ಟಿ ಬರುತ್ತೇನೆ. ಕೈಯ ಕೂದಲು ಮಾತ್ರ ಕೆಲವೇ ವಾರಗಳಲ್ಲಿ ಮತ್ತೆ ಹುಟ್ಟಿಬಿಟ್ಟಿತು. ಅದನ್ನು ಕಂಡ ದಿನ ನಾನು ಇನ್ನೊಮ್ಮೆ ಅತ್ತೆ.