ಸ್ವಾತಿಯ ಹಿಟ್ಟಿನ ಗೊಂಬೆಗಳು

ವಿಜಯವಾಡದಲ್ಲಿ ನಾನು ಕಲಿತ ಮೊದಲ ತೆಲುಗು ಪದ ‘ನೊಪ್ಪಿ’. ನೋವು ಎಂದರ್ಥ. ಧಾರವಾಡದಿಂದ ಬಂದು ಬೆಂಜ್ ಸರ್ಕಲ್ ಹತ್ತಿರದ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಆಗಿ ಸೇರಿದ ದಿನ, ಏಳು ವರ್ಷದ ಸ್ವಾತಿ ಅದೊಂದೇ ಪದವನ್ನು ಕೂಗುತ್ತಿದ್ದಳು. ಮನೆಯಲ್ಲಿ ಗ್ಯಾಸ್ ಹೊತ್ತಿಕೊಂಡು ಅವಳ ಬಲಗೈ ಸುಟ್ಟಿತ್ತು. ಗಾಯ ಮಾಯ್ದಿದ್ದರೂ ಚರ್ಮ ಬಿಗಿದು ಬೆರಳುಗಳು ಅಂಗೈಯೊಳಕ್ಕೆ ಮಡಚಿಕೊಂಡಿದ್ದವು. ಬಿಡಿಸಲು ಹೋದರೆ ಕಚ್ಚುತ್ತಿದ್ದಳು. ಕಪಾಟಿನ ತುಂಬ ಇದ್ದ ಪ್ಲಾಸ್ಟಿಕ್ ಆಟಿಕೆಗಳನ್ನು ಕಣ್ಣೆತ್ತಿಯೂ ನೋಡಲಿಲ್ಲ.

ನಮ್ಮ ಕಡೆ ಮಣ್ಣೆತ್ತಿನ ಅಮಾವಾಸ್ಯೆಗೆ ಮಕ್ಕಳು ಕೂತು ಮಣ್ಣಿನ ಎತ್ತು ಮಾಡುತ್ತಾರೆ. ಸುಟ್ಟ ಕೈಗೆ ಮಣ್ಣು ಬೇಡವೆಂದು, ಅನ್ನವೇ ಊಟವಾದ ಈ ಊರಿನಲ್ಲಿ ನನಗಾಗಿ ಇಟ್ಟುಕೊಂಡಿದ್ದ ಚಪಾತಿ ಹಿಟ್ಟನ್ನು ಕಲಸಿ ಒಯ್ದೆ. ನಾನು ಮಾಡಿದ್ದನ್ನು ನೋಡಿ “ಎದ್ದು” ಎಂದಳು. ತೆಲುಗಿನಲ್ಲಿ ಎತ್ತು ಎಂದರೆ ಎದ್ದು. ಕೊಂಬು ಸೊಟ್ಟಗಿದೆಯೆಂದು ತಿದ್ದಲು ತಾನೇ ಕೈ ಹಾಕಿದಳು. ನಾದುವಾಗ, ಹೊಸೆಯುವಾಗ ಬೆರಳುಗಳು ತಾವಾಗಿಯೇ ಬಿಚ್ಚಿಕೊಳ್ಳುತ್ತಿದ್ದವು. ನಾನು ಹೇಳಿ ಮಾಡಿಸಲಾಗದ ವ್ಯಾಯಾಮವನ್ನು ಅವಳು ಆಟವೆಂದು ಮಾಡಿದಳು. ಜೊತೆಗೆ ನನಗೆ ತೆಲುಗು ಕಲಿಸಿದಳು.

ಒಂದು ದಿನ ಸೀರೆಯುಟ್ಟ ಗೊಂಬೆ ಮಾಡಿ, “ಇದಿ ಅಮ್ಮಕಿ” ಎಂದಳು. ಅಮ್ಮನಿಗಂತೆ. ಆಟೋನಗರ್‌ನಲ್ಲಿ ಮೆಕ್ಯಾನಿಕ್ ಆಗಿರುವ ಅವಳಪ್ಪ ನನ್ನನ್ನು ಹೊರಗೆ ಕರೆದರು. ತಾಯಿ ಅದೇ ಬೆಂಕಿಯಲ್ಲಿ ಹೋಗಿದ್ದಳು.

“ಇಂಕಾ ಚೆಪ್ಪಲೇದಂಡಿ, ಮೇಡಂ,” ಎಂದರು. ಇನ್ನೂ ಹೇಳಿಲ್ಲ. ಅಮ್ಮ ಬೇರೆ ಆಸ್ಪತ್ರೆಯಲ್ಲಿದ್ದಾಳೆಂದು ಮಗಳನ್ನು ನಂಬಿಸಿದ್ದರಂತೆ.

ನಾನೂ ಹೇಳಲಿಲ್ಲ. ಅಷ್ಟೇ ಅಲ್ಲ, ಅಮ್ಮನಿಗೆ ಇನ್ನೊಂದು ಮಾಡು, ಮತ್ತೊಂದು ಮಾಡು ಎನ್ನುತ್ತ ಬೆರಳು ಬಿಡಿಸಿದೆ. ಮೂರು ಬೆರಳು ನೆಟ್ಟಗಾದವು.

ಕೊನೆಗೆ ಅಪ್ಪ ನನ್ನೆದುರಿಗೇ ಹೇಳಿದರು. ಸ್ವಾತಿ ಅಳಲಿಲ್ಲ. ನನ್ನತ್ತ ತಿರುಗಿ, “ಮೀಕು ಮುಂದೇ ತೆಲುಸಾ, ಮೇಡಂ?” ಎಂದು ಕೇಳಿದಳು. ನಿಮಗೆ ಮೊದಲೇ ಗೊತ್ತಿತ್ತಾ? ಆ ಮಾತು ಅರ್ಥವಾಗದಿದ್ದರೆ ಚೆನ್ನಾಗಿತ್ತು ಅನಿಸಿತು. ಕಲಿತ ತೆಲುಗು ಬಾಯಿಗೆ ಬರಲಿಲ್ಲ.

“ಹೂಂ, ಗೊತ್ತಿತ್ತವ್ವಾ,” ಎಂದೆ.

ಅವಳಿಗೆ ಅರ್ಥವಾಯಿತು.

ಮೂರು ವಾರ ಬರಲಿಲ್ಲ. ಈಗ ಪ್ರತಿ ಮಂಗಳವಾರ ಬರುತ್ತಾಳೆ. ಹಿಟ್ಟು ಮುಟ್ಟುವುದಿಲ್ಲ. ಕೈ ಮುಂದೆ ಚಾಚಿ ಮುಖ ಆಚೆ ತಿರುಗಿಸುತ್ತಾಳೆ. ಉಳಿದೆರಡು ಬೆರಳು ಪೂರ್ತಿ ಬಿಚ್ಚಲಾರವೇನೋ.

ಧಾರವಾಡದಲ್ಲಿ ಕೆಲಸವೊಂದು ಖಾಲಿಯಿದೆಯೆಂದು ಅಕ್ಕ ಫೋನ್ ಮಾಡಿದ್ದಳು.

“ಬಂದುಬಿಡು. ಅಲ್ಲಿ ನಿನಗ ಯಾರದಾರ?”

ನನ್ನನ್ನು ನಂಬುವವರೆಲ್ಲ ಧಾರವಾಡದಲ್ಲೇ ಇದ್ದಾರೆ. ಇಲ್ಲಿರುವುದು ನಂಬದ ಒಬ್ಬಳು.

“ಇನ್ನೊಂದಿಷ್ಟು ದಿನ ತಡಿ ಅಕ್ಕಾ,” ಎಂದೆ.