ಕೋನೇರಿನ ಕೆಳಗಿನ ಗೆರೆ

ಅವರ ಅಂಗಿಗಳಿಗೆಲ್ಲ ಹೊಟ್ಟೆಯ ಹತ್ತಿರ ತೂತುಗಳಿದ್ದವು. ಸಾಸಿವೆ ಕಾಳಿನಷ್ಟು ಸಣ್ಣವು, ಅಂಚು ಕಂದು ತಿರುಗಿದವು. ವಿಶಾಖಪಟ್ಟಣದ ದೊಡ್ಡ ಕಾರ್ಖಾನೆಯೊಂದರ ಬ್ಯಾಟರಿ ಕೋಣೆಯಲ್ಲಿ ಆಯುಷ್ಯ ಸವೆಸಿದವರು. ಆಸಿಡ್ ಹನಿ ಸಿಡಿದಲ್ಲೆಲ್ಲ ಬಟ್ಟೆ ಉದುರುತ್ತಿತ್ತು. ನಾನಾಗ ಕ್ವಾರ್ಟರ್ಸಿನ ಮನೆಮನೆಗೆ ಬಟ್ಟೆಯ ಗಂಟು ಹೊತ್ತು ತಿರುಗುತ್ತಿದ್ದೆ. ಇಂಥ ಗಿರಾಕಿ ಸಿಕ್ಕರೆ ಬಿಡುವುದುಂಟೆ? ಹೊಸ ಅಂಗಿ ತೆಗೆದು ಬಿಡಿಸಿ ತೋರಿಸಿದೆ.

"ಹೊಸದಕ್ಕೆ ನಾಳೆ ತೂತು ಬಿದ್ರೆ ಹೊಟ್ಟೆ ಉರಿಯುತ್ತೆ ಕಣಯ್ಯ. ಈಗಾಗ್ಲೇ ತೂತಾಗಿರೋದಿದ್ರೆ ಕೊಡು," ಎಂದರು, ನನ್ನ ಹರುಕು ತೆಲುಗಿಗೆ ಅಚ್ಚ ಕನ್ನಡದಲ್ಲಿ. ನಾನು ಗಂಟು ಇಳಿಸಿ ಅಲ್ಲೇ ಕೂತುಬಿಟ್ಟೆ.

ಅವರು ಮೈಸೂರು ಕಡೆಯವರು, ನಾನು ಹೊಸಪೇಟೆಯವನು. ಊರಲ್ಲಾಗಿದ್ದರೆ ಒಬ್ಬರ ಮಾತಿಗೆ ಇನ್ನೊಬ್ಬರು ನಗುತ್ತಿದ್ದೆವು. ಅಲ್ಲಿ ನಾನು ಅವರನ್ನು ಮಾವ ಎಂದೆ, ಅವರು ಬೇಡ ಎನ್ನಲಿಲ್ಲ.

ಬಟ್ಟೆ ಬಿಟ್ಟು ನಾನು ಇನ್ವರ್ಟರ್ ವ್ಯಾಪಾರಕ್ಕಿಳಿದಾಗ ಕಲಿಸಿದವರು ಮಾವ. "ಚಾರ್ಜಿಗೆ ಹಾಕಿರೋ ಬ್ಯಾಟರಿ ಯಾವತ್ತೂ ನಿಜ ಹೇಳಲ್ಲ. ತೆಗೆದು ಒಂದು ದಿನ ಸುಮ್ನೆ ಬಿಡು. ಆಮೇಲೆ ಅಳತೆ ನೋಡು." ಈ ಒಂದು ಮಾತಿನ ಮೇಲೆ ನಾನು ಮನೆ ಕಟ್ಟಿದೆ. ಹಳೆ ಬ್ಯಾಟರಿ ಮಾರಲು ಬಂದವರಿಗೆ "ಇಲ್ಲೇ ಇಟ್ಟು ಹೋಗಿ, ನಾಳೆ ರೇಟು ಹೇಳ್ತೀನಿ" ಎನ್ನುತ್ತಿದ್ದೆ. ಮೋಸದ ಮಾಲು ತಂದವರು ಅಲ್ಲಿಂದಲೇ ಎತ್ತಿಕೊಂಡು ಹೋಗುತ್ತಿದ್ದರು. ಹಳೆ ಸಾಮಾನು ಕೊಳ್ಳುವವರು ಯಾರಾದರೂ ಇದನ್ನು ಓದುತ್ತಿದ್ದರೆ ಬರೆದಿಟ್ಟುಕೊಳ್ಳಿ.

ಅಳತೆ ಅವರಿಗೆ ಚಟ. ಜೇಬಿನಲ್ಲಿ ಮಡಚುವ ಅಳತೆಪಟ್ಟಿ. ಅನ್ನಕ್ಕೆ ನೀರಿಡುವಾಗ ಅತ್ತೆ ಬೆರಳಿನ ಗೆಣ್ಣಿನಿಂದ ಅಂದಾಜು ಮಾಡಿದರೆ ಇವರು ಹಿಂದೆಯೇ ನಿಂತು, "ಯಾವ ಬೆರಳು? ನೆನ್ನೇದೇನಾ?" ಎಂದು ಕೇಳಿ ಬೈಸಿಕೊಳ್ಳುತ್ತಿದ್ದರು. ಅತ್ತೆ ತೆಲುಗಿನವರು. ನಿವೃತ್ತಿಯಾದ ಮೇಲೆ ಇಬ್ಬರೂ ಪರವಾಡದಿಂದಾಚೆ ಅತ್ತೆಯ ಹಳ್ಳಿಗೆ ಹೋಗಿ ನೆಲೆಸಿದರು. ಅಲ್ಲೊಂದು ಗುಡ್ಡ, ಗುಡ್ಡದ ಬುಡದಲ್ಲಿ ನರಸಿಂಹನ ಗುಡಿ, ಗುಡಿಯ ಮುಂದೆ ನಾಲ್ಕು ಕಡೆ ಮೆಟ್ಟಿಲಿನ ಚಿಕ್ಕ ಕೋನೇರು. ನಾವು ಕಲ್ಯಾಣಿ ಎನ್ನುತ್ತೇವಲ್ಲ, ಅದೇ. ಅತ್ತೆ ಒಳಗೆ ಹೋಗಿ ಕೈಮುಗಿಯುವಷ್ಟು ಹೊತ್ತು ಮಾವ ಅವರ ಚಪ್ಪಲಿ ಪಕ್ಕಕ್ಕಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ಅವರು ಗರ್ಭಗುಡಿಯತ್ತ ಹೋಗಿದ್ದನ್ನು ನಾನು ನೋಡಿಲ್ಲ.

ಚಂಡಮಾರುತ ಬಂದು ಕರೆಂಟಿಲ್ಲದೆ ಊರಿಗೂರೇ ಒದ್ದಾಡಿದ ಮೇಲಿನ ಮೂರನೆಯ ಬೇಸಿಗೆ ಅದು. ನಾನು ಅಷ್ಟರಲ್ಲಿ ಜಾಗದ ಮಧ್ಯಸ್ಥಿಕೆಗೆ ಕೈ ಹಾಕಿದ್ದೆ. ಒಂದು ಕಂಪನಿಯವರು ಬಂದರು. ಹಗಲಿನ ಸೋಲಾರ್ ಕರೆಂಟನ್ನು ಹಿಡಿದಿಟ್ಟು ಸಂಜೆ ಬಿಡುವ ಬ್ಯಾಟರಿಗಳು. ಹಡಗಿನ ಕಂಟೈನರಿನಂಥ ಪೆಟ್ಟಿಗೆಗಳಲ್ಲಿ, ಸಾಲು ಸಾಲಾಗಿ. ಅದಕ್ಕೆ ಅವರಿಗೆ ಹಿಡಿಸಿದ್ದು ಆ ಗುಡಿಯ ಎದುರಿನ ಬಯಲು. ಹಳ್ಳಿಯನ್ನು ಒಪ್ಪಿಸುವ ಕೆಲಸ ನನ್ನದು. ಅಷ್ಟು ದೊಡ್ಡ ಕೆಲಸ ನನ್ನ ಕೈಗೆ ಅದಕ್ಕೆ ಮುಂಚೆ ಬಂದಿರಲಿಲ್ಲ.

ಹಳ್ಳಿ ತಿರುಗಿಬಿತ್ತು. ಮಂಗಳಗಿರಿಯ ನರಸಿಂಹನಂತೆ ಇವನಿಗೂ ಪಾನಕದ ನೈವೇದ್ಯ. ಗುಡ್ಡದ ಹೊಟ್ಟೆಯಲ್ಲಿ ಬೆಂಕಿಯಿದೆ, ಬೆಲ್ಲದ ನೀರು ಅದನ್ನು ತಣ್ಣಗಿಡುತ್ತದೆ ಎಂದು ಅವರ ನಂಬಿಕೆ. "ನಾವು ತಾತಂದಿರ ಕಾಲದಿಂದ ಆರಿಸ್ತಾ ಇದ್ದೀವಿ. ನೀವು ಸ್ವಾಮಿಯ ಕಣ್ಣೆದುರಿಗೇ ಬೆಂಕಿಪೆಟ್ಟಿಗೆ ತಂದಿಡ್ತೀರಾ ಬಾಬೂ?" ಎಂದು ಗುಡಿಯ ಅರ್ಚಕರು ಕೇಳಿದರು.

ನನಗೆ ಭಯವಾಗಲಿಲ್ಲ. ದೇವರ ಹೆಸರಿನಲ್ಲಿ ಬೇಡ ಎನ್ನುವವರಿಗೆ ದೇವರ ಹೆಸರಿನಲ್ಲೇ ಕೊಡಬೇಕು. ಗುಡ್ಡ ಸುತ್ತುವ ಪ್ರದಕ್ಷಿಣೆಯ ದಾರಿಗೆ ಡಾಂಬರು ಎಂದೆ. ಹಿರಿಯರು ಮುಖ ಮುಖ ನೋಡಿಕೊಂಡರು. ಕಲ್ಲಿನ ಮಂಟಪ ಎಂದೆ. "ಎಷ್ಟು ಕಂಬದ್ದು?" ಎಂದು ಒಬ್ಬರು ಕೇಳಿದರು. ಕಂಬ ಎಣಿಸಲು ಶುರು ಮಾಡಿದವನು ಅರ್ಧ ಒಪ್ಪಿದ ಹಾಗೆ. ಉಳಿದರ್ಧಕ್ಕೆ ಮಾವ ಇದ್ದರು. ಬ್ಯಾಟರಿಯ ಜೊತೆ ಬದುಕಿದ ಮನುಷ್ಯ ಏನೂ ಆಗುವುದಿಲ್ಲ ಎಂದರೆ ಯಾರು ನಂಬುವುದಿಲ್ಲ?

ನರಸಿಂಹ ಜಯಂತಿಯ ವಾರ ಅವರ ಬಳಿ ಹೋದೆ. ಮೆಟ್ಟಿಲ ಮೇಲೆ ಕೂತು ಎಲ್ಲ ಕೇಳಿಸಿಕೊಂಡರು. "ನೀರು?" ಎಂದರು.

"ಅದನ್ನ ಮೊದ್ಲ ನೋಡೀನ್ರಿ ಮಾವ. ಜಾಗ ಬ್ಯಾಸಿಗ್ಯಾಗ ನೋಡಬೇಕು, ನನಗ ಗೊತ್ತಿಲ್ಲೇನು? ಇಂಥಾ ಬಿಸಿಲಾಗೂ ಕೋನೇರು ತುಂಬ್ಯಾದ. ಎಂದೂ ಬತ್ತಂಗಿಲ್ಲ ಅಂತ ಕಂಪನಿ ಎಂಜಿನಿಯರಿಗೆ ಹೇಳಿಬಿಟ್ಟೀನಿ."

ಅವರು ನೀರನ್ನು ನೋಡಿದರು, ನನ್ನನ್ನು ನೋಡಿದರು. "ಹಬ್ಬ ಆದ್ಮೇಲೆ ಒಂದ್ಸಲ ಬಾ," ಎಂದರು.

ಊಟಕ್ಕೆ ಕರೆಯುತ್ತಿದ್ದಾರೆಂದುಕೊಂಡೆ. "ಬರ್ತೀನಿ ಬಿಡ್ರಿ. ಸಭೆಯಾಗ ಎರಡು ಮಾತು ಆಡ್ತೀರಲ್ಲ?"

"ಆಡ್ತೀನಿ."

ಹಬ್ಬದ ಮಾರನೆಯ ದಿನ ಗುಡಿಯ ಅಂಗಳದಲ್ಲಿ ಸಭೆ. ಮಂಟಪ ಹದಿನಾರು ಕಂಬಕ್ಕೆ ಬಂದು ನಿಂತಿತ್ತು. ಆಗ ಮಾವ ಎದ್ದರು. ನಾನು ಎಂಜಿನಿಯರನ ಕಡೆ ಕಣ್ಣು ಮಿಟುಕಿಸಿದೆ.

"ನಿಮ್ಮ ಬ್ಯಾಟರಿಗೆ ಬೆಂಕಿ ಬಿದ್ದರೆ ಏನು ಮಾಡ್ತೀರಿ?" ಎಂದು ಮಾವ ತೆಲುಗಿನಲ್ಲಿ ಕೇಳಿದರು.

"ಇದು ನಿಮ್ಮ ಕಾಲದ ಆಸಿಡ್ ಬ್ಯಾಟರಿ ಅಲ್ಲ ಸಾರ್. ಬೇರೆ ಜಾತಿ."

"ಯಾವ ಜಾತಿಯಾದರೇನು. ಬೆಂಕಿ ಬಿದ್ದರೆ ನೀರು ಬೇಕೋ ಬೇಡವೋ?"

"ಬೇಕು. ಬಹಳ ಹೊತ್ತು ಸುರೀತಾನೇ ಇರಬೇಕು." ಎಂಜಿನಿಯರ್ ನಕ್ಷೆ ಬಿಡಿಸಿ, ಬೆನ್ನ ಹಿಂದಿನ ಕೋನೇರಿನ ಕಡೆ ಕೈ ತೋರಿಸಿದ. "ಇದೆಯಲ್ಲ. ಕಡು ಬೇಸಿಗೆಯಲ್ಲೂ ತುಂಬಿರೋ ನೀರು."

ಹೆಂಗಸರ ಗುಂಪಿನಲ್ಲಿ ಯಾರೋ ನಕ್ಕರು. ನಗು ಗಂಡಸರಿಗೆ ದಾಟಿತು. ಅರ್ಚಕರೂ ಉತ್ತರೀಯದಿಂದ ಬಾಯಿ ಮುಚ್ಚಿಕೊಂಡರು. ಒಬ್ಬ ಮುದುಕಿ ಎದ್ದು ಸೊಂಟ ತಟ್ಟಿ ತೋರಿಸಿದಳು. "ಅದು ಕೋನೇರಿನ ನೀರಲ್ಲ ನಾಯ್ನಾ. ಈ ನಡು ಹೊತ್ತ ನೀರು."

ಆ ಊರಿನ ಪದ್ಧತಿ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಹಬ್ಬ ಬರುವುದು ಬೇಸಿಗೆಯ ತುದಿಯಲ್ಲಿ, ಕೋನೇರು ಒಣಗಿರುವಾಗ. ಸ್ವಾಮಿಯ ತೆಪ್ಪ ತೇಲಬೇಕಲ್ಲ? ಅದಕ್ಕೆ ಒಂಬತ್ತು ದಿನ ಪ್ರತಿ ಮನೆಯಿಂದ ಕೊಡಗಳಲ್ಲಿ ನೀರು ತಂದು ಸುರಿಯುತ್ತಾರೆ. ಸಾಲದಿದ್ದರೆ ಟ್ರ್ಯಾಕ್ಟರಿನಲ್ಲಿ ಟ್ಯಾಂಕರ್. ತಳ ಬಿರುಕು ಬಿಟ್ಟಿರುವುದರಿಂದ ಹಬ್ಬ ಮುಗಿಯುತ್ತಿದ್ದಂತೆ ಅಷ್ಟೂ ಇಂಗಿಹೋಗುತ್ತದೆ. ಚಾರ್ಜಿಗೆ ಹಾಕಿದ ಬ್ಯಾಟರಿಯನ್ನು ನೋಡಿ ರೇಟು ಹೇಳಿದ್ದೆ ನಾನು.

"ಎಂದೂ ಬತ್ತಲ್ಲ ಅಂತ ಹೇಳಿದ್ದು ಯಾರು?" ಎಂದು ಎಂಜಿನಿಯರ್ ನನ್ನತ್ತ ತಿರುಗಿದ. ಊರೆಲ್ಲ ಅವನ ಕಣ್ಣು ಹೋದ ಕಡೆ ತಿರುಗುವ ಮೊದಲೇ ಮಾವ ಎಂದರು: "ನಕ್ಷೆಗೆ ರುಜು ಹಾಕಿದವರು ನೀವು. ಬೇರೆಯವರನ್ನ ಯಾಕೆ ಕೇಳ್ತೀರಿ?"

ನಕ್ಷೆ ಮಡಚಿಕೊಂಡು ಹೋದ ಕಂಪನಿಯವರು ಆ ಗುಡ್ಡಕ್ಕೆ ಮತ್ತೆ ಬರಲಿಲ್ಲ. ನರಸಿಂಹನೇ ಕಾಪಾಡಿದ ಎಂದು ಊರು ಪಾನಕ ಹಂಚಿತು. ನನಗೂ ಒಂದು ಲೋಟ ಕೊಟ್ಟರು.

"ಮೊದ್ಲ ಹೇಳಬಹುದಿತ್ತಲ್ರಿ ಮಾವ," ಎಂದೆ.

"ಹಬ್ಬ ಆದ್ಮೇಲೆ ಬಾ ಅಂದ್ನಲ್ಲ. ಬಿಡಿಸಿ ಹೇಳಿದ್ರೆ ನೀನು ಸಭೆ ಮುಂದಕ್ಕೆ ಹಾಕಿಸಿ, ಕಂಪನಿಯೋರು ಬಂದಾಗಲೆಲ್ಲ ಟ್ಯಾಂಕರ್ ತರಿಸ್ತಿದ್ದೆ."

ನಿಜ. ತರಿಸುತ್ತಿದ್ದೆ. ಆದರೂ ಒಂದು ವರ್ಷ ಅವರ ಜೊತೆ ಮಾತು ಬಿಟ್ಟೆ. ಆ ನಡುವೆ ಅತ್ತೆ ತೀರಿಕೊಂಡರು; ಹೋಗಿ ಮುಖ ತೋರಿಸಿ ಬಂದೆ, ಅಷ್ಟೆ.

ಮುಂದಿನ ಬೇಸಿಗೆಯಲ್ಲಿ, ನಾದಿನಿಯ ಮದುವೆಗೆ ಸೀರೆ ತರಲು ಮಂಗಳಗಿರಿಗೆ ಹೋದವನು, ಮಾವ ಕಾಯಿಲೆಯಾಗಿ ವಿಜಯವಾಡದ ಭವಾನಿಪುರಂನಲ್ಲಿ ಮಗಳ ಮನೆಯಲ್ಲಿದ್ದಾರೆಂದು ಕೇಳಿ ನೋಡಲು ಹೋದೆ. ಒಂದೂ ತೂತಿಲ್ಲದ ಹೊಸ ಅಂಗಿ ತೊಟ್ಟು ಮಲಗಿದ್ದರು. ಬಾಗಿಲಲ್ಲಿ ನಿಂತವನಿಗೆ ಬೇರೆ ಯಾರದೋ ಮನೆಗೆ ಬಂದೆನೇನೋ ಅನ್ನಿಸಿತು.

"ಕೃಷ್ಣೆ ಪಕ್ಕದಲ್ಲೇ ಇದಾಳೆ. ಇಲ್ಲಿ ಅಳೆಯೋಕೆ ಏನೂ ಇಲ್ಲ ಕಣಯ್ಯ," ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಹಬ್ಬ ಆಯ್ತಲ್ಲ. ಕೋನೇರಲ್ಲಿ ಎಷ್ಟಿದೆ?"

"ಇರಬೇಕ್ರಿ, ಒಂದು ನಾಕು ಮೆಟ್ಲು."

"ಇರಬೇಕು ಅನ್ಬೇಡ. ನೋಡ್ಕೊಂಡು ಬಂದು ಹೇಳು."

ಆ ಕೆಲಸ, ಈ ಕೆಲಸ ಎಂದು ಎರಡು ವಾರ ಕಳೆದೆ. ಕೊನೆಗೆ ಕೋನೇರಿಗೆ ಹೋದೆ. ಮೇಲೆ ನಿಂತು, ಅಂದು ಬರೆದುಕೊಂಡು ಬಂದಿದ್ದ ಅವರ ಮಗಳ ಮನೆಯ ನಂಬರಿಗೆ ಫೋನ್ ಮಾಡಿದೆ. ಮಗಳೇ ಎತ್ತಿದರು. ಅಪ್ಪ ಹೋಗಿ ನಾಲ್ಕು ದಿನವಾಯಿತು, ನಿಮ್ಮ ನಂಬರ್ ಯಾರ ಹತ್ತಿರವೂ ಇರಲಿಲ್ಲ ಎಂದರು.

ಫೋನ್ ಹಿಡಿದುಕೊಂಡೇ ಮೆಟ್ಟಿಲಿಳಿದೆ. ಅವರು ಕೂರುತ್ತಿದ್ದ ಮೆಟ್ಟಿಲಿಗಿಂತ ಒಂದೇ ಒಂದು ಕೆಳಗೆ, ಕಲ್ಲಿನ ಮೇಲೆ ಬಿಳಿ ಪೇಂಟಿನ ಗೆರೆ. ಪಕ್ಕದಲ್ಲಿ ಕನ್ನಡ ಅಕ್ಷರ: "ಹಬ್ಬದ ದಿನ." ಇಳಿಯುತ್ತಾ ಹೋದಂತೆ ಒಂದೊಂದು ದಿನಕ್ಕೆ ಒಂದೊಂದು ಗೆರೆ. ತಳಕ್ಕೆ ಒಂದು ಗೇಣು ಮೇಲೆ, ಹತ್ತಿರ ಹತ್ತಿರ ಮೂರು ವರ್ಷದ ಮೂರು ಗೆರೆ: "ಬಿಟ್ಟು ನೋಡಿದಾಗ." ಅವರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು "ನೀರು?" ಎಂದು ಕೇಳಿದ ದಿನ ಇದಿಷ್ಟೂ ನನ್ನ ಕಾಲ ಕೆಳಗೆ ನೀರಿನಲ್ಲಿ ಮುಳುಗಿತ್ತು.

ಊರಿನ ಅಂಗಡಿಯಿಂದ ಪೇಂಟಿನ ಡಬ್ಬಿ, ಬ್ರಷ್ ತಂದೆ. ತಳದಲ್ಲಿ ಉಳಿದ ನೀರು ಅವರ ಗೆರೆಗಳಿಗಿಂತಲೂ ಕೆಳಗಿತ್ತು. ಹುಟ್ಟಿದಾಗಿನಿಂದ ಯಾವ ಅಳತೆಯನ್ನೂ ನನ್ನ ಕಡೆಗೆ ಒಂದಿಷ್ಟು ಎಳೆಯದೆ ಬಿಟ್ಟವನಲ್ಲ ನಾನು. ಮಂಡಿಯೂರಿ, ನೀರು ಎಲ್ಲಿತ್ತೋ ಅಲ್ಲೇ ಗೆರೆ ಹಾಕಿದೆ.