ಅಕ್ಕತಂಗಿ ವಕೀಲರು

ಮನೆಯ ಪತ್ರ ನೋಡಿಸಲು ಯಾರನ್ನು ಹಿಡಿಯಲಿ ಎಂದರೆ ಎಲ್ಲರೂ ಅಕ್ಕತಂಗಿ ವಕೀಲರ ಮಹಡಿ ಕಚೇರಿಯನ್ನೇ ತೋರಿಸುತ್ತಾರೆ. ಅದು ಊರು ಇಟ್ಟ ಅಡ್ಡಹೆಸರು; ಆಸಾಮಿ ಒಬ್ಬರೇ, ಮಜ್ಜಿಗೆಯನ್ನೂ ಊದಿ ಕುಡಿಯುವ ಮನುಷ್ಯ. ಕ್ರಯಪತ್ರದ ಪ್ರತಿ ಸಾಲಿನಡಿ ಸ್ಕೇಲಿಟ್ಟು ಓದುತ್ತಾರೆ, ಅಲ್ಪವಿರಾಮಕ್ಕೂ ಸಾಕ್ಷಿ ಕೇಳುತ್ತಾರೆ. ಕೊನೆಗೆ ಕನ್ನಡಕ ತೆಗೆದು ಮಾರುವವನತ್ತ ತಿರುಗುತ್ತಾರೆ: "ಅಕ್ಕತಂಗೀರು ಇದ್ದಾರೇನ್ರೀ?" "ಒಬ್ಬಳಿದ್ದಾಳೆ ಸಾರ್, ಮದ್ವೆಯಾಗಿ ಹೋದ್ಳು. ಅವಳದೇನೂ ತಕರಾರಿಲ್ಲ." "ಅದನ್ನ ಅವರ ಬಾಯಲ್ಲೇ ಕೇಳ್ತೀನಿ, ಕರ್ಕೊಂಡು ಬನ್ನಿ." ಕೊಳ್ಳುವವರು ಎಷ್ಟೇ ಅವಸರಪಡಿಸಲಿ, ಆಕೆ ಬರುವವರೆಗೆ ಕಡತ ಕದಲದು. ಬಂದರೆ ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟು, ಇಡೀ ಪತ್ರವನ್ನು ನಿಂತೇ ಓದಿ ಹೇಳುತ್ತಾರೆ. ಪದವಿಪತ್ರ ಇರಬೇಕಾದ ಗೋಡೆಯ ಮೇಲೆ, ವಕೀಲರ ಅಪ್ಪನ ಮನೆ ಮಾರಿದ ಹಳೆಯ ಪತ್ರದ ನಕಲು ಚೌಕಟ್ಟಿನಲ್ಲಿ ತೂಗುತ್ತದೆ. ಅದರಲ್ಲಿ ಮೂವರು ಗಂಡುಮಕ್ಕಳ ಸಹಿಯಿದೆ, ಅಕ್ಕನದಿಲ್ಲ. ಪತ್ರ ಬರೆದ ವಕೀಲರು ಇವರೇ.